ನಲವತ್ತೇಳು ಮಣಿಯ ಸುತ್ತು

2024ರ ಜುಲೈ ತಿಂಗಳ ಮೂರನೆಯ ಮಂಗಳವಾರ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಹೆಂಡತಿಯ ಎಡಗೈ ತೋರುಬೆರಳಿಗೆ ಮಣಿ ಪೋಣಿಸುವ ಸೂಜಿ ಚುಚ್ಚಿತು. ಅವಳಿಗೆ ಅದು ಗೊತ್ತಾಗಲಿಲ್ಲ.

ನಾನು ಎದುರಿಗೆ ಕುಳಿತು ಆ ದಿನದ ಪತ್ರಿಕೆ ನೋಡುತ್ತಿದ್ದೆ. ಅವಳು ತೊಡೆಯ ಮೇಲೆ ಮಣೆ ಇಟ್ಟುಕೊಂಡಿದ್ದಳು. ಮಣಿ ಉರುಳಿ ಹೋಗಬಾರದೆಂದು ಮಣೆಯ ಮೇಲೆ ಜೀನ್ಸ್ ಬಟ್ಟೆಯ ತುಂಡು ಹಾಸಿ, ಅದರ ಮೇಲೆ ಹಸಿರು ಮಣಿಗಳನ್ನು ಹರಡಿದ್ದಳು. ಸ್ವಲ್ಪ ಹೊತ್ತಿಗೆ ಸೂಜಿಯ ಮೊನೆಯಿಂದ ಏನನ್ನೋ ಎತ್ತಲು ನೋಡತೊಡಗಿದಳು. ಎರಡು ಸಲ, ಮೂರು ಸಲ ನೋಡಿದಳು.

"ಇದೆಲ್ಲಿಂದ ಬಂತ್ರೀ ಕೆಂಪು ಮಣಿ? ನಾ ಕೆಂಪು ತಗದ ಇಲ್ಲ," ಅಂದಳು.

ಎದ್ದು ಹೋಗಿ ನೋಡಿದೆ. ಅದು ಮಣಿಯಾಗಿರಲಿಲ್ಲ. ಅವಳ ಸೂಜಿ ತಾಗಿ ಅಷ್ಟೊತ್ತಿಗೆ ಅದು ಬಟ್ಟೆಯ ಮೇಲೆ ಹರಡಿತ್ತು. ಅವಳ ಬೆರಳನ್ನು ಹಿಡಿದು ತೋರಿಸಿದೆ. ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ ಅವಳು ಅದನ್ನು ನೋಡಿದಳು. ಆಮೇಲೆ ಸೀರೆಯ ಸೆರಗಿಗೆ ಒರೆಸಿಕೊಂಡು, ರಕ್ತ ತಾಗಿದ ನಾಲ್ಕು ಮಣಿಗಳನ್ನು ಬೇರೆ ತೆಗೆದಿಟ್ಟಳು.

ನಾನು ಬಳ್ಳಾರಿಯ ಒಂದು ದಿನಪತ್ರಿಕೆಯಲ್ಲಿ ಜಿಲ್ಲಾ ಪುಟದ ಡೆಸ್ಕ್ ನೋಡುತ್ತೇನೆ. ವರದಿಗಾರರು ಕಳಿಸಿದ್ದನ್ನು ತಿದ್ದುವುದು, ಅಳತೆಗೆ ಕತ್ತರಿಸುವುದು, ಊರಿನ ಹೆಸರು ಮತ್ತು ಸಂಖ್ಯೆಗಳನ್ನು ಎರಡು ಸಲ ನೋಡುವುದು ನನ್ನ ಕೆಲಸ. ಕಚೇರಿಗೆ ಮಧ್ಯಾಹ್ನ ಮೂರಕ್ಕೆ ಹೋಗುವುದರಿಂದ ಬೆಳಗಿನ ಹೊತ್ತು ಮನೆಯಲ್ಲಿರುತ್ತೇನೆ. ಹೆಂಡತಿ ಕಲ್ಲುಗಳಿಗೆ ಮಣಿಯ ಕಟ್ಟು ಹಾಕುತ್ತಾಳೆ. ಆ ಮಂಗಳವಾರಕ್ಕೆ ಅವಳು ಆ ಕೆಲಸ ಹಿಡಿದು ಹದಿನಾಲ್ಕು ವರ್ಷವಾಗಿತ್ತು.

ಅಕ್ಕಸಾಲಿಗರು ಕಲ್ಲು ಕೂರಿಸಲು ಬೆಳ್ಳಿಯ ಅಥವಾ ಬಂಗಾರದ ಅಂಚು ಕಟ್ಟುತ್ತಾರೆ. ಅವಳು ಆ ಅಂಚನ್ನು ದಾರ ಮತ್ತು ಗಾಜಿನ ಸಣ್ಣ ಮಣಿಗಳಿಂದ ಕಟ್ಟುತ್ತಾಳೆ. ಕಲ್ಲಿಗೆ ತೂತು ಹಾಕುವುದಿಲ್ಲ. ಅಂಟನ್ನೂ ನಂಬುವುದಿಲ್ಲ. ಬಳ್ಳಾರಿಯ ಬಿಸಿಲಿಗೆ ಅಂಟು ಎರಡು ಬೇಸಿಗೆ ತಡೆಯುವುದಿಲ್ಲ ಎನ್ನುತ್ತಾಳೆ. ಮೊದಲು ಕಲ್ಲಿನ ಸೊಂಟದ ಅಳತೆಗೆ ಮಣಿಯ ಒಂದು ಉಂಗುರ. ಅದರ ಮೇಲೆ ಒಂದು ಮಣಿ ಬಿಟ್ಟು ಒಂದಕ್ಕೆ ಹೊಸ ಮಣಿ ಸೇರಿಸುತ್ತ, ಇಟ್ಟಿಗೆ ಗೋಡೆ ಏರಿಸಿದ ಹಾಗೆ ಸುತ್ತಿನ ಮೇಲೆ ಸುತ್ತು. ಕೊನೆಯ ಎರಡು ಸುತ್ತಿಗೆ ಇನ್ನೂ ಸಣ್ಣ ಮಣಿ. ಅವು ಒಳಕ್ಕೆ ಬಾಗಿ ಕಲ್ಲಿನ ಅಂಚನ್ನು ಹಿಡಿದುಕೊಳ್ಳುತ್ತವೆ. ಹಿಂಬದಿಗೆ ಬಟ್ಟೆ ಹೊಲಿಯುತ್ತಾಳೆ. ಬೇರೆ ಊರಿನವರು ಚರ್ಮ ಹಾಕುತ್ತಾರಂತೆ. ನಮ್ಮಲ್ಲಿ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಮನೆಗಳಲ್ಲಿ ಗಟ್ಟಿ ಬಟ್ಟೆಯ ತುಂಡುಗಳು ಚೀಲಗಟ್ಟಲೆ ಬಿದ್ದಿರುತ್ತವೆ. ಅವಳ ಎಲ್ಲ ಕಲ್ಲುಗಳ ಬೆನ್ನೂ ನೀಲಿ.

ಈ ಕೆಲಸದಲ್ಲಿ ಒಂದು ನಿಯಮವಿದೆ. ಮೊದಲ ಉಂಗುರದ ಮಣಿಗಳು ಸರಿಸಂಖ್ಯೆಯಲ್ಲಿರಬೇಕು. ಹಾಗಿದ್ದರೆ ಪ್ರತಿ ಸುತ್ತೂ ಅಲ್ಲಲ್ಲಿಗೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಜಾಗದಲ್ಲಿ ಸೂಜಿಯನ್ನು ಎರಡು ಮಣಿಯೊಳಗೆ ಒಟ್ಟಿಗೆ ದಾಟಿಸಿ ಮೇಲಿನ ಸುತ್ತಿಗೆ ಹತ್ತಬೇಕು. ಅವಳು ಅದಕ್ಕೆ ಮೆಟ್ಲು ಎನ್ನುತ್ತಾಳೆ. ಮೆಟ್ಲು ಒಂದೇ ಕಡೆ ಇರುವುದಿಲ್ಲ, ಪ್ರತಿ ಸುತ್ತಿಗೂ ಒಂದು ಮಣಿಯಷ್ಟು ಪಕ್ಕಕ್ಕೆ ಸರಿಯುತ್ತದೆ. ಅದನ್ನು ತಪ್ಪಿಸಿದರೆ ಗೋಡೆ ಒಂದು ಕಡೆ ಸೊಟ್ಟಗಾಗುತ್ತದೆ. ಟಿವಿಯಲ್ಲಿ ಧಾರಾವಾಹಿ ನೋಡುತ್ತಲೇ ಅವಳು ಮೆಟ್ಲನ್ನು ಬೆರಳ ತುದಿಯಿಂದ ಹುಡುಕುತ್ತಿದ್ದಳು. ಅದಕ್ಕಾಗಿ ಅವಳು ಕಣ್ಣು ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ಅವಳ ಎದೆಯಲ್ಲಿ ಗಡ್ಡೆ ಸಿಕ್ಕಿತು. ಅದೇ ತಿಂಗಳ ಕೊನೆಗೆ ಆಪರೇಷನ್ ಆಯಿತು. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ವಾರಕ್ಕೊಂದರಂತೆ ಹನ್ನೆರಡು ಡ್ರಿಪ್. ಆರನೆಯದರ ಹೊತ್ತಿಗೆ ಕಾಲಿನ ಬೆರಳು, ಎಂಟನೆಯದರ ಹೊತ್ತಿಗೆ ಕೈಬೆರಳುಗಳು ಮರಗಟ್ಟಿದವು. ಔಷಧಿಯಿಂದ ಹೀಗಾಗುತ್ತದೆ, ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ, ನಿಮ್ಮದು ಯಾವುದು ಎಂದು ಈಗ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಏನೇನು ಗೊತ್ತಾಗುವುದಿಲ್ಲ ಎಂಬುದನ್ನು ಬರೆದಿಡಿ ಎಂದರು. ನಾನು ಬರೆದಿಟ್ಟೆ. ಕುಪ್ಪಸದ ಗುಂಡಿ ಗೊತ್ತಾಗುವುದಿಲ್ಲ. ಡಬ್ಬಿಯೊಳಗೆ ಕೈ ಹಾಕಿದರೆ ಸಾಸಿವೆ ಯಾವುದು, ಜೀರಿಗೆ ಯಾವುದು ಗೊತ್ತಾಗುವುದಿಲ್ಲ. ಬಿಸಿ ಲೋಟ ಗೊತ್ತಾಗುತ್ತದೆ, ಆದರೆ ತಡವಾಗಿ. ಹಾಳೆಯನ್ನು ಒಂದೊಂದಾಗಿ ತಿರುವಲು ಬರುವುದಿಲ್ಲ. ಹೀಗೆ ಒಂದು ಪುಟ. ಅದನ್ನು ಬರೆಯುವಾಗ ನನಗೂ ವಿಶೇಷವಾಗಿ ಏನೂ ಅನಿಸಲಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ, ಯಾರೂ ಜೋರಾಗಿ ಮಾತಾಡಲಿಲ್ಲ. ಮಾತ್ರೆ, ಊಟ, ಫ್ಯಾನು, ನಿದ್ದೆ.

ಅವಳ ತಗಡಿನ ಡಬ್ಬಿಯಲ್ಲಿ ಆಗ ಮೂರು ಕಲ್ಲುಗಳಿದ್ದವು. ಮೂರೂ ಬೇರೆಯವರವು. ಅವುಗಳಲ್ಲಿ ಒಂದು ಕುರುಗೋಡಿನ ಹೈಸ್ಕೂಲು ಟೀಚರ್ ಒಬ್ಬರದು. ಅದು ನಮ್ಮ ಕಡೆಯ ಗುಡ್ಡಗಳಲ್ಲಿ ಸಿಗುವ ಪಟ್ಟೆ ಕಲ್ಲು: ಒಂದು ಗೆರೆ ಇಟ್ಟಿಗೆ ಕೆಂಪು, ಒಂದು ಗೆರೆ ಕಬ್ಬಿಣದ ಬೂದು. ಟೀಚರ ತಂದೆ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಬಿಟ್ಟ ಮೇಲೆ ಮನೆಯ ಕಟ್ಟೆಗೆ ಕುಳಿತು ಕೈಯಿಂದಲೇ ಉಜ್ಜಿ ಅದನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲ ಮಾಡಿದ್ದರು. ಮೊಮ್ಮಗಳಿಗೆಂದು. ಟೀಚರು ಹಿಂದಿನ ಡಿಸೆಂಬರಿನಲ್ಲಿ ಅದನ್ನು ತಂದುಕೊಟ್ಟು, ಅವಸರವಿಲ್ಲ ಎಂದಿದ್ದರು.

ಜೂನ್‌ನಲ್ಲಿ ಅವರ ಫೋನ್ ಬಂತು. ಸ್ಪೀಕರ್ ಹಾಕಿ ಕೊಟ್ಟೆ.

"ಅಕ್ಕಾರ, ಆರಾಮ್ ಅದೀರಿ? ಕೇಳಬಾರದು, ಆದ್ರೂ ಕೇಳಾಕತ್ತೀನಿ. ಮಗಳಿಗೆ ನಾಕನೇ ತಿಂಗಳು ನಡದೈತಿ. ಸೆಪ್ಟೆಂಬರ್‌ನ್ಯಾಗ ಕುಬಸ ಮಾಡ್ತೀವಿ. ನಮ್ಮಪ್ಪ ದಿನಾ ಆ ಕಲ್ಲು ಎಲ್ಲಿ ಅಂತಾರ. ಆಗಲಿಲ್ಲಂದ್ರ ಹೇಳಿಬಿಡ್ರಿ, ಬ್ಯಾಸರ ಇಲ್ಲ. ಕಲ್ಲು ಒಯ್ತೀನಿ."

ಕುಬಸ ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಮಾಡುವ ಕಾರ್ಯ. ಹೆಂಡತಿ ಡಬ್ಬಿಯಿಂದ ಆ ಕಲ್ಲನ್ನು ತೆಗೆದು ಮಣೆಯ ಮೇಲಿಟ್ಟಳು.

"ಆಗತೈತಿ ಮೇಡಂ. ಹಸಿರು ಹಾಕ್ತೀನಿ," ಅಂದಳು.

ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಇದೊಂದ್ ಆಗಲಿಲ್ಲಂದ್ರ ಮೂರೂ ಕಲ್ಲು ವಾಪಸ್ ಕೊಡ್ತೀನಿ. ಡಬ್ಬಿ ಅವ್ವಗ ಕೊಟ್ಟಬಿಡ್ತೀನಿ. ಆಮ್ಯಾಲ ನನ್ನ ಕೇಳಬಾರದು ನೀವು."

ಕೇಳುವುದಿಲ್ಲ ಎಂದೆ.

ಜುಲೈ ಪೂರ್ತಿ ಅವಳು ಒಂದೇ ಉಂಗುರದ ಮೇಲೆ ಕೆಲಸ ಮಾಡಿದಳು. ಎರಡು ಸುತ್ತು ಏರುತ್ತಿತ್ತು. ಮೂರನೆಯದಕ್ಕೆ ಮೆಟ್ಲು ಸಿಗುತ್ತಿರಲಿಲ್ಲ. ಕನ್ನಡಕ ಹಾಕಿ ನೋಡಿದರೂ ಹಸಿರು ಮಣಿಗಳೆಲ್ಲ ಒಂದೇ ಕಾಣುತ್ತವೆ ಎನ್ನುತ್ತಿದ್ದಳು. ಹೆಬ್ಬೆರಳ ಉಗುರಿನಿಂದ ಒತ್ತಿ ನೋಡುತ್ತಿದ್ದಳು. ಆಮೇಲೆ ಎಲ್ಲ ಬಿಚ್ಚುತ್ತಿದ್ದಳು. ಬಿಚ್ಚಿದ ದಾರ ಮತ್ತೆ ಬಳಸಲು ಬರುವುದಿಲ್ಲ. ಹೊಸ ದಾರಕ್ಕೆ ಜೇನುಮೇಣ ಸವರಿ, ಸೂಜಿಗೆ ಏರಿಸಿ ಕೊಡುವುದು ನನ್ನ ಪಾಲಿನ ಕೆಲಸವಾಯಿತು.

ಒಂದು ದಿನ, "ಮೆಟ್ಲು ಎಲ್ಲೈತಿ ಅಂತ ನೀ ಹೇಳು, ಸೂಜಿ ನಾ ಹಾಕ್ತೀನಿ," ಎಂದೆ.

"ನೀವು ಸುದ್ದಿ ಕತ್ತರಸ್ರಿ. ಅಷ್ಟ ಸಾಕು. ನಿಮ್ಮ ಕೈಯಾಗ ಕೊಟ್ರ ಕಲ್ಲಿಗೂ ಹೆಡ್ಡಿಂಗ್ ಹಾಕ್ತೀರಿ."

ಅವಳು ಹಾಸ್ಯ ಮಾಡಿದ್ದು ಫೆಬ್ರುವರಿಯಿಂದ ಈಚೆಗೆ ಅದೇ ಮೊದಲು. ಹೇಳುವಾಗ ಮುಖ ಬದಲಾಗಲಿಲ್ಲ. ನಾನೂ ನಗಲಿಲ್ಲ. ಮತ್ತೊಂದು ಸೂಜಿಗೆ ದಾರ ಏರಿಸಿಟ್ಟು ಕಚೇರಿಗೆ ಹೋದೆ.

ಆಗಸ್ಟ್ ಮೊದಲ ವಾರ ಸಿರುಗುಪ್ಪದಿಂದ ನನ್ನ ಅತ್ತೆ ಬಂದರು. ಅವರಿಗೆ ಎಪ್ಪತ್ತು ದಾಟಿದೆ. ತೆಕ್ಕಲಕೋಟೆ, ಸಿರಿಗೇರಿ ಕ್ರಾಸ್ ಎಂದು ಬಸ್ಸು ಎಲ್ಲೆಲ್ಲಿ ನಿಂತಿತು, ಎಲ್ಲಿ ಯಾರು ಹತ್ತಿದರು ಎಂಬುದನ್ನು ಹೇಳಿ ಮುಗಿಸಿದ ಮೇಲೆಯೇ ಚೀಲ ಕೆಳಗಿಡುವವರು. ಚೀಲದಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿ, ಮಗಳಿಗೆಂದು ಅಂಟಿನ ಉಂಡಿ ತಂದಿದ್ದರು. ಬೋಳಾಗಿ, ಈಗಷ್ಟೇ ಚಿಗುರುತ್ತಿದ್ದ ಮಗಳ ತಲೆಯನ್ನು ಒಮ್ಮೆ ಸವರಿದರು.

"ಕುರಿ ಉಣ್ಣೆ ಕತ್ತರಿಸಿದಂಗ ಆಗೇತಿ. ಇರಲಿ, ಇನ್ನಾ ದಪ್ಪ ಬರತೈತಿ," ಅಂದರು.

"ಬರತೈತಿ ಬಿಡಬೇ," ಅಂದಳು ಮಗಳು.

ಸಿರುಗುಪ್ಪದ ಅವರ ಓಣಿಯಲ್ಲಿ ಮದುವೆಯ ತಾಳಿಯನ್ನು ಪೋಣಿಸಲು ಅತ್ತೆಯನ್ನು ಕರೆಯುತ್ತಾರೆ. ಮಾವ ಇದ್ದಾರೆ, ಅವರಿಲ್ಲದಿದ್ದರೆ ಕರೆಯುತ್ತಿರಲಿಲ್ಲ. ಕರಿಮಣಿ, ಬಂಗಾರದ ಗುಂಡು, ಹವಳ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕೊಟ್ಟರೆ ಅರ್ಧ ತಾಸಿನಲ್ಲಿ ಮುಗಿಸುತ್ತಾರೆ. ಮಗಳು ಸೂಜಿ ಹಿಡಿಯಲು ಕಲಿತದ್ದು ಅವರಿಂದಲೇ. ತಾಯಿಯ ಕೈಯಲ್ಲೂ ಒಂದು ನಿಯಮವಿದೆ. ಪೋಣಿಸಿ ಆದ ಮೇಲೆ ಎಣಿಸುತ್ತಾರೆ. ಸರಿಸಂಖ್ಯೆ ಬಂದರೆ ಒಂದು ಮಣಿ ಸೇರಿಸುತ್ತಾರೆ. ಅದನ್ನು ಅವರು "ಮ್ಯಾಲೊಂದು" ಎನ್ನುತ್ತಾರೆ. ಮುಯ್ಯಿ ಮಾಡುವಾಗ ನೂರಕ್ಕೆ ಮೇಲೊಂದು ರೂಪಾಯಿ ಇಡುವ ಹಾಗೆ, ಬಳೆಗಾರ ಎಡಗೈಗೆ ಒಂದು ಬಳೆ ಹೆಚ್ಚು ಇಡುವ ಹಾಗೆ. ಸರಿಸಂಖ್ಯೆ ಅಂದರೆ ಮುಗಿದ ಲೆಕ್ಕ. ಮೇಲೊಂದು ಇದ್ದರೆ ಮುಂದಕ್ಕೆ ಇದೆ ಎಂದು ಅರ್ಥ. ಅವರು ಇದನ್ನು ನಂಬಿಕೆ ಎಂದು ಹೇಳುವುದಿಲ್ಲ. ಪದ್ಧತಿ ಎಂದೂ ಹೇಳುವುದಿಲ್ಲ. ಉಪ್ಪು ಹಾಕಿದ ಹಾಗೆ ಹಾಕುತ್ತಾರೆ.

ಆ ವಾರದ ಗುರುವಾರ ಆಸ್ಪತ್ರೆಗೆ ತೋರಿಸಲು ಹೋಗುವುದಿತ್ತು. ಹೊರಡುವ ಮುಂಚೆ ಹೆಂಡತಿ ಹೊಸ ದಾರದಲ್ಲಿ ಮತ್ತೆ ಮೊದಲಿನಿಂದ ಉಂಗುರಕ್ಕೆ ಮಣಿ ಪೋಣಿಸಿದ್ದಳು. ನಲವತ್ತಾರು. ನನಗೆ ಕೇಳಿಸುವ ಹಾಗೆ ಎಣಿಸಿದ್ದಳು. ಆಟೊ ಬಂದದ್ದರಿಂದ ಗಂಟು ಹಾಕದೆ, ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟು ಎದ್ದಳು.

ಆಸ್ಪತ್ರೆಯಲ್ಲಿ ನಾಲ್ಕು ತಾಸು ಹಿಡಿಯಿತು. ಡಾಕ್ಟರು ಹತ್ತಿಯಿಂದ ಅವಳ ಬೆರಳ ತುದಿಗಳನ್ನು ಮುಟ್ಟಿ, ಕಣ್ಣು ಮುಚ್ಚಿಕೊಂಡು ಹೇಳಿ ಎಂದರು. ಹತ್ತು ಬೆರಳಲ್ಲಿ ಮೂರಕ್ಕೆ ಸರಿಯಾಗಿ ಹೇಳಿದಳು. ಒಂದು ಮಾತ್ರೆ ಬದಲಾಯಿಸಿದರು.

ಮನೆಗೆ ಬಂದಾಗ ಅತ್ತೆ, "ಗಂಟ್ ನಾ ಹಾಕಿಟ್ಟೀನಿ, ನೀ ಮಲಕ್ಕ," ಅಂದರು. ಅವಳು ಮಲಗಿದಳು.

ಮರುದಿನ ಬೆಳಿಗ್ಗೆ ಕೆಲಸ ಮುಂದುವರಿಯಿತು. ಮೊದಲ ಸುತ್ತಿನ ಕೊನೆಗೆ ಅವಳು ಮೆಟ್ಲಿಗಾಗಿ ಹುಡುಕಿದ್ದನ್ನು ನೋಡಿದೆ. ಸಿಗಲಿಲ್ಲ. ಎಲ್ಲೋ ತಪ್ಪಿದೆ ಎಂದುಕೊಂಡಳಂತೆ. ಆದರೆ ಬಿಚ್ಚಲು ಆ ದಿನ ಮನಸ್ಸಾಗಲಿಲ್ಲ. ಸೂಜಿ ಮುಂದಿನ ಮಣಿಗೆ ತಾನಾಗಿ ಹೋಯಿತು, ಹೋಗಲಿ ಎಂದು ಬಿಟ್ಟಳು. ಶುಕ್ರವಾರ ಎರಡು ಸುತ್ತು. ಶನಿವಾರ ಎರಡು. ಭಾನುವಾರ ಬೆಳಿಗ್ಗೆ ಐದನೆಯದು. ಜುಲೈನಲ್ಲಿ ಒಂದು ತಿಂಗಳು ಕುಳಿತರೂ ಅವಳು ಎರಡು ದಾಟಿರಲಿಲ್ಲ.

ಐದನೆಯ ಸುತ್ತು ಮುಗಿಯುವ ಹೊತ್ತಿಗೆ ಅವಳು ಮಣೆಯನ್ನು ನನ್ನ ಕಡೆ ತಳ್ಳಿದಳು.

"ಕೆಳಗಿನ ಉಂಗುರ ಸ್ವಲ್ಪ ಎಣಿಸ್ರಿ."

ಬರಿಗಣ್ಣಿಗೆ ಸಾಧ್ಯವಾಗಲಿಲ್ಲ. ಫೋನಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ, ಪೆನ್ನಿನ ತುದಿ ಇಟ್ಟು ಎಣಿಸಿದೆ. ಇನ್ನೊಂದು ದಿಕ್ಕಿನಿಂದ ಮತ್ತೊಮ್ಮೆ ಎಣಿಸಿದೆ. ಮೂರನೆಯ ಸಲವೂ ಎಣಿಸಿದೆ.

"ನಲವತ್ತೇಳು."

"ತಪ್ಪ ಎಣಿಸೀರಿ."

"ಮೂರು ಸಲ ಎಣಿಸೀನಿ."

"ನಾ ಹಾಕಿದ್ದು ನಲವತ್ತಾರು. ನೀವು ಕೇಳೀರಲ್ಲ?"

"ಕೇಳೀನಿ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮ್ಯಾಲೊಂದು ನಾ ಹಾಕೀನಿ."

ಅವರು ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲಲ್ಲಿ ನಿಂತರು. ಮುಖದಲ್ಲಿ ತಪ್ಪು ಮಾಡಿದವರ ಗುರುತು ಇರಲಿಲ್ಲ.

"ಯಾಕ ಹಾಕಿದಿಬೇ?"

"ಯಾಕಂದ್ರ? ಎಣಿಸಿ ನೋಡಿದೆ, ಸರಿ ಇತ್ತು. ಕುಬಸದ ಸಾಮಾನಿಗೆ ಸರಿ ಹಾಕ್ತಾರೇನು? ಕುಬಸ ಐದರಾಗ ಮಾಡ್ತಾರ, ಏಳರಾಗ ಮಾಡ್ತಾರ, ಒಂಬತ್ತರಾಗ ಮಾಡ್ತಾರ. ಆರರಾಗ ಮಾಡಿದ್ದು ಎಲ್ಲೆರ ನೋಡೀಯೇನು?"

"ಇದು ತಾಳಿ ಅಲ್ಲ. ಇದಕ್ಕ ಸರೀನ ಬೇಕು. ಹದಿನಾಕು ವರ್ಷ ಸರೀನ ಹಾಕೀನಿ ನಾನು."

"ಅದಕ್ಕ ಹಿಂಗಾತು."

ಕುಕ್ಕರ್ ಸೀಟಿ ಹೊಡೆಯಿತು. ಯಾರೂ ಕದಲಲಿಲ್ಲ. ಎರಡನೆಯ ಸೀಟಿಗೆ ನಾನು ಎದ್ದು ಹೋಗಿ ಒಲೆ ಆರಿಸಿ ಬಂದೆ. ಅತ್ತೆ ಇನ್ನೂ ಅಲ್ಲೇ ನಿಂತಿದ್ದರು. ಈಗ ಅವರ ದನಿ ಸಣ್ಣದಾಗಿತ್ತು.

"ಮೊದಲಿಂದ ಹೇಳಬೇಕಂತ ಇತ್ತು. ಹೇಳಿದ್ರ ಬೈತಿ, ಓದಿದಾಕಿ ನೀನು. ಮಂದಿ ಕೊರಳಿಗೆ ಹೋಗೋ ಸಾಮಾನು, ದಿನಾ ಸರಿ ಎಣಿಕಿ, ದಿನಾ ಸರಿ ಎಣಿಕಿ. ನಾ ಸಿರುಗುಪ್ಪದಾಗ ಕುಂತು ಏನ್ ಮಾಡ್ಲಿ? ಈ ಸಲ ಕೈಗೆ ಸಿಕ್ತು, ಹಾಕಿದೆ."

"ನನ್ನ ಜಡ್ಡಿಗೂ ಮಣಿಗೂ ಏನ್ ಸಂಬಂಧಬೇ? ಡಾಕ್ಟರ್‌ನ್ನ ಕೇಳು ಬೇಕಾದ್ರ."

"ಡಾಕ್ಟರ್ ಏನ್ ತಾಳಿ ಪೋಣಿಸ್ಯಾನ?"

ಹೆಂಡತಿ ಕತ್ತರಿಯನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ನನಗೆ ಹೇಳಿದಳು. ಅತ್ತೆಗೆ ಕೇಳಿಸಲಿ ಎಂದೇ ಹೇಳಿದಳೋ, ಗೊತ್ತಿಲ್ಲ.

"ಮೊದಲಾಗಿದ್ರ ಗಂಟು ಹಿಡದ ಕೂಡ್ಲೇ ಗೊತ್ತಾಗ್ತಿತ್ತು ನನಗ. ಒಂದು ಮಣಿ ಹೆಚ್ಚಾದ್ರ ಕೈಗೆ ಗೊತ್ತಾಗ್ತಿತ್ತು. ಮೂರು ದಿನ ಹಿಡದು ಕುಂತೀನಿ, ಗೊತ್ತಾಗಲಿಲ್ಲ."

ಅತ್ತೆ ಒಳಗೆ ಹೋದರು. ಅನ್ನ ಬಡಿಸಿದರು. ಊಟ ಮಾಡಿದೆವು. ಹೆಂಡತಿ ಚಮಚದಿಂದ ಉಂಡಳು, ಏಪ್ರಿಲ್‌ನಿಂದ ಅವಳು ಹಾಗೆಯೇ ಉಣ್ಣುತ್ತಿದ್ದಳು. ಕತ್ತರಿ ಮಣೆಯ ಮೇಲೆ ಇತ್ತು. ಬಿಚ್ಚಿದರೆ ಮತ್ತೆ ಜುಲೈ. ಕುಬಸಕ್ಕೆ ಉಳಿದದ್ದು ಐದು ವಾರ. ನಾನು ಲೆಕ್ಕ ಹಾಕಿದೆ.

ಊಟವಾದ ಮೇಲೆ ಅವಳು ಮಣೆಯ ಮುಂದೆ ಕುಳಿತಳು. ಕತ್ತರಿಯನ್ನು ಡಬ್ಬಿಗೆ ಹಾಕಿದಳು.

"ಸೂಜಿಗೆ ದಾರ ಹಾಕಿಕೊಡ್ರಿ. ಸಣ್ಣ ಮಣಿ ತಗೀರಿ," ಅಂದಳು.

"ಬಿಚ್ಚಂಗಿಲ್ಲೇನು?"

"ಇದಕ್ಕ ಮೆಟ್ಲು ಬರಂಗಿಲ್ಲ. ನೋಡ್ರಿ."

ತೋರಿಸಿದಳು. ನಲವತ್ತೇಳು ಬೆಸಸಂಖ್ಯೆ. ಹಾಗಾಗಿ ಸುತ್ತು ಎಲ್ಲಿಯೂ ಮುಚ್ಚುವುದಿಲ್ಲ. ಒಂದು ಮಣಿ ಬಿಟ್ಟು ಒಂದಕ್ಕೆ ಹೋಗುತ್ತಿದ್ದರೆ ಸೂಜಿ ತನ್ನಷ್ಟಕ್ಕೆ ಮೇಲಿನ ಸಾಲಿಗೆ ಹತ್ತಿರುತ್ತದೆ. ಗೋಡೆ ಸುರುಳಿಯಾಗಿ ಏರುತ್ತದೆ. ಎಲ್ಲಿ ಸುತ್ತು ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕುವ ಅಗತ್ಯವಿಲ್ಲ. ಬೆರಳಿಗೆ ಗೊತ್ತಾಗಬೇಕಾದದ್ದು ಏನೂ ಇಲ್ಲ. ಮಣಿಯ ತೂತನ್ನು ಕಣ್ಣು ನೋಡಿದರೆ ಸಾಕು.

ಈ ದಾರಿ ಇದೆ ಎಂದು ಅವಳಿಗೆ ಗೊತ್ತಿತ್ತು. ಆ ಕೆಲಸ ಮಾಡುವವರಿಗೆಲ್ಲ ಗೊತ್ತಿರುತ್ತದಂತೆ. ಅವಳು ಅದನ್ನು ಬಳಸುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ಒಂದು ಕೊರತೆ ಇದೆ. ಸುರುಳಿ ಎಲ್ಲಿಯಾದರೂ ನಿಲ್ಲಲೇಬೇಕು. ನಿಂತ ಜಾಗದಲ್ಲಿ ಮೇಲಿನ ಅಂಚು ಅರ್ಧ ಮಣಿಯಷ್ಟು ತಗ್ಗಾಗುತ್ತದೆ. ಅವಳ ಹದಿನಾಲ್ಕು ವರ್ಷದ ಯಾವ ಕಲ್ಲಿಗೂ ಆ ತಗ್ಗು ಇರಲಿಲ್ಲ.

ಬುಧವಾರ ಕೊನೆಯ ಸುತ್ತು ಮುಗಿಯಿತು. ತಗ್ಗು ಬಲಗಡೆ ಮೇಲೆ ಬಂದಿತ್ತು. ಅತ್ತೆ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಏನೂ ಕಾಣಂಗಿಲ್ಲ ಬಿಡು."

"ಕಾಣತೈತಿ. ಹೇಳಿ ಕೊಡ್ತೀನಿ."

"ಹೇಳಿ ಯಾಕ ಕೆಡಿಸ್ಕೊಂತಿ?"

"ನೀ ಹೇಳದ ಹಾಕಿದ್ಯಲ್ಲ, ಅಷ್ಟ ಸಾಕು ಒಂದು ಮನಿಗೆ."

ಅತ್ತೆ ನಕ್ಕರು. ಹೆಂಡತಿ ನೀಲಿ ಬಟ್ಟೆಯನ್ನು ಕತ್ತರಿಸುತ್ತಿದ್ದಳು. ಹಿಂಬದಿಯನ್ನು ಹೊಲಿಯಲು ಅವಳಿಗೆ ಇನ್ನೂ ಆರು ದಿನ ಬೇಕಾಯಿತು. ಅದರಲ್ಲಿ ಎರಡು ಸಲ ಬೆರಳಿಗೆ ಚುಚ್ಚಿತು. ಎರಡೂ ಸಲ ನಾನೇ ಹೇಳಬೇಕಾಯಿತು.

ಸೆಪ್ಟೆಂಬರ್ ಮೊದಲ ಭಾನುವಾರ ಬಸ್ಸಿನಲ್ಲಿ ಕುರುಗೋಡಿಗೆ ಹೋದೆವು. ಅವಳು ತಲೆಗೆ ಸೆರಗು ಹೊದ್ದು ಕಿಟಕಿಯ ಪಕ್ಕ ಕುಳಿತಿದ್ದಳು. ಎರಡೂ ಕಡೆ ಹತ್ತಿ, ಮೆಣಸಿನ ಹೊಲ, ದೂರಕ್ಕೆ ಬಂಡೆ ಗುಡ್ಡಗಳು. ಪೊಟ್ಟಣವನ್ನು ಅವಳು ನನ್ನ ಕೈಯಲ್ಲಿ ಕೊಟ್ಟಿದ್ದಳು. ತಾನು ಹಿಡಿದಿದ್ದರೆ ಬಿದ್ದರೂ ತಿಳಿಯುವುದಿಲ್ಲ ಎಂಬುದು ಕಾರಣ.

ಟೀಚರು ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡು, "ಬರ್ರಿ ಅಕ್ಕಾರ, ಎಷ್ಟ್ ಸೊರಗೀರಿ," ಅಂದರು. ಅವರ ಮಗಳು ಗಂಡನ ಮನೆಯಲ್ಲಿದ್ದಳು. ಕಟ್ಟೆಯ ಮೇಲೆ ಟೀಚರ ತಂದೆ ಕುಳಿತಿದ್ದರು. ಟೀಚರು ಪೊಟ್ಟಣ ಬಿಚ್ಚಿ, ಚಂದ ಆಗಿದೆ ಎಂದು ನಾಲ್ಕು ಸಲ ಹೇಳಿದರು.

"ಮೇಡಂ, ಒಂದು ಕಡೆ ಅಂಚು ತಗ್ಗು ಐತಿ. ಅದನ್ನ ಹೇಳಬೇಕು," ಅಂದಳು ಹೆಂಡತಿ.

"ಎಲ್ಲಿ? ನನಗ ಕಾಣವಲ್ದು."

"ಇಲ್ಲಿ ಕೊಡು," ಅಂದರು ತಂದೆ.

ಅವರು ಅದನ್ನು ನೋಡಲಿಲ್ಲ. ಎಡಗೈಯಲ್ಲಿ ಹಿಡಿದು, ರಸ್ತೆಯ ಕಡೆ ಮುಖ ಮಾಡಿಕೊಂಡೇ, ಬಲಗೈ ಹೆಬ್ಬೆರಳನ್ನು ಅಂಚಿನ ಸುತ್ತ ಒಂದು ಸಲ ಎಳೆದರು. ಬೆರಳು ಮೇಲೆ ಬಲಗಡೆ ನಿಂತಿತು.

"ಇಲ್ಲೈತಿ."

"ಹೌದ್ರಿ ಅಜ್ಜಾರ," ಅಂದಳು ನನ್ನ ಹೆಂಡತಿ.

ಅವರು ಕಲ್ಲನ್ನು ಹಿಂದೆ ಮುಂದೆ ಒತ್ತಿ ನೋಡಿದರು. "ಕಲ್ಲು ಅಳ್ಳಾಡಂಗಿಲ್ಲ. ಸಾಕು," ಅಂದು ಟೀಚರ ಕೈಗೆ ಕೊಟ್ಟರು.

ಅಜ್ಜನ ಆ ಹೆಬ್ಬೆರಳನ್ನು ನನ್ನ ಹೆಂಡತಿ ನೋಡುತ್ತಿದ್ದಳು. ಚಹಾ ಬಂದಾಗಲೂ ನೋಡುತ್ತಿದ್ದಳು.

ಕುಬಸ ಗೊತ್ತುಮಾಡಿದ ದಿನಕ್ಕೆ ನಡೆಯಿತು. ಟೀಚರು ಫೋಟೊ ಕಳಿಸಿದರು: ಹಸಿರು ಸೀರೆ, ಹಸಿರು ಬಳೆ, ಕೊರಳಲ್ಲಿ ಕಲ್ಲು. ಅತ್ತೆ ಆ ಫೋಟೊವನ್ನು ಓಣಿಯವರಿಗೆ ತೋರಿಸಲು ತಮ್ಮ ಫೋನಿಗೆ ಹಾಕಿಸಿಕೊಂಡು ಸಿರುಗುಪ್ಪಕ್ಕೆ ಹಿಂತಿರುಗಿದರು. ಡಬ್ಬಿ ಅವರ ಜೊತೆ ಹೋಗಲಿಲ್ಲ. ಡಬ್ಬಿಯಲ್ಲಿದ್ದ ಉಳಿದ ಎರಡು ಕಲ್ಲುಗಳಲ್ಲಿ ಒಂದನ್ನು ಹೆಂಡತಿ ಕಟ್ಟು ಹಾಕದೆ ಹಿಂದಕ್ಕೆ ಕೊಟ್ಟಳು. ಅದು ಉದ್ದನೆಯ, ಮೊನೆ ಇರುವ ಕಲ್ಲು. ಮೊನೆಯಲ್ಲಿ ಮಣಿ ಕಡಿಮೆ ಮಾಡುತ್ತ ಹೋಗಬೇಕು, ಅದು ಬೆರಳಿನ ಕೆಲಸ. ಇನ್ನೊಂದಕ್ಕೆ ಡಿಸೆಂಬರಿನಲ್ಲಿ ಕಟ್ಟು ಹಾಕಿದಳು. ಎಷ್ಟು ಮಣಿ ಹಾಕಿದಳು ಎಂದು ನಾನು ಕೇಳಲಿಲ್ಲ. ಅದೇ ತಿಂಗಳು ಡಾಕ್ಟರು ಮತ್ತೆ ಹತ್ತಿಯಿಂದ ಮುಟ್ಟಿ ನೋಡಿದರು. ಹತ್ತರಲ್ಲಿ ನಾಲ್ಕು.

2025ರ ಏಪ್ರಿಲ್‌ನಲ್ಲಿ ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಟೀಚರು ಬಳ್ಳಾರಿಗೆ ಬಂದಿದ್ದರು. ಎರಡನೆಯ ದಿನ ಸಂಜೆ ನಮ್ಮ ಮನೆಗೆ ಬಂದರು. ಮಗಳ ಹೆಣ್ಣುಮಗುವಿಗೆ ಈಗ ಐದು ತಿಂಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತಾಳೆ ಎಂದರು. ಕರವಸ್ತ್ರ ಬಿಚ್ಚಿ ಕಲ್ಲನ್ನು ಮಣೆಯ ಮೇಲಿಟ್ಟರು. ತಗ್ಗು ಇದ್ದ ಜಾಗದಲ್ಲಿ ದಾರ ಹರಿದಿತ್ತು. ಸಣ್ಣ ಮಣಿ ಏಳು ಉದುರಿದ್ದವು. ಐದನ್ನು ಹುಡುಕಿ ಕಾಗದದ ಚೂರಿನಲ್ಲಿ ಕಟ್ಟಿ ತಂದಿದ್ದರು.

"ಯಾರ ಕಡಿಂದಾರ ಮಾಡಸ್ಲೇನ್ರಿ ಅಕ್ಕಾರ? ನಿಮಗ ತ್ರಾಸ ಆಗಬಾರದು."

"ಬ್ಯಾಡ. ಇಟ್ಟು ಹೋಗ್ರಿ," ಅಂದಳು.

ಹರಿದ ದಾರ ತೆಗೆದು ಮೇಲಿನ ಎರಡು ಸುತ್ತು ಬಿಚ್ಚಲು ಅವಳಿಗೆ ನಾಲ್ಕು ದಿನ ಹಿಡಿಯಿತು. ಕಲ್ಲು ಕಟ್ಟಿನಿಂದ ಹೊರಗೆ ಬಂದಿಲ್ಲ. ಈ ಭಾನುವಾರ ಸಂಜೆಯ ಹೊತ್ತಿಗೆ ಎರಡರಲ್ಲಿ ಒಂದು ಸುತ್ತು ಮತ್ತೆ ಏರಿದೆ.